ಗರಗಸದ ಪಾಲು

ದೇವರಾಜ ಮಾರುಕಟ್ಟೆಯ ಹಿಂದೆ
ಬದರಿನಾರಾಯಣ ಶೆಟ್ಟರ ಗ್ರಂಥಿಗೆ ಅಂಗಡಿ.
ಗೆದ್ದಲು ತಿಂದು ಮುಗಿಸಿದ ಬೀರುವಿನ ಜಾಗಕ್ಕೆ
ಹೊಸದು ಬೇಕು: ಎಂಬತ್ತನಾಲ್ಕು ಖಾನೆ,
ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಏಳು.
"ಮುಂದೊಂದು ಲಕ್ಷ ಸೇರಿಸಿದ್ರೆ ಜೀವರಾಶಿ ಪೂರಾ ಹಿಡಿಸ್ತದೆ"
ಅಂತ ತಾವೇ ನಕ್ಕರು.
ಮುಂಗಡ ಮಾತ್ರ ಎರಡು ಸಲ ಎಣಿಸಿ ಕೊಟ್ಟರು.

ಮಂಡಿ ಮೊಹಲ್ಲಾದ ಶೆಡ್ಡಿನಲ್ಲಿ, ಸರೇಸಿನ ಡಬ್ಬಿಯ ಪಕ್ಕ
ನನ್ನ ಲ್ಯಾಪ್‌ಟಾಪು;
ಕೀಲಿಗಳ ಸಂದಿಯಲ್ಲೆಲ್ಲ ಹಲಸಿನ ಹಳದಿ ಹುಡಿ.
ಒಂದೇ ಒಂದು ಖಾನೆ ಬರೆದೆ.
ಮುಂದಲೆ, ಬೆನ್ನು, ಎರಡು ಪಕ್ಕೆ, ತಳ.
ಗುಂಡಿ ಒತ್ತಿದರೆ ಆ್ಯಡ್-ಇನ್ನು
ಒಂದು ಗಳಿಗೆ ಗಿರಗಿರ ಸುತ್ತಿ
ಕೋಳಿ ಮರಿ ಬಿಟ್ಟ ಹಾಗೆ ಪರದೆಯ ತುಂಬ
ನಾನೂರಿಪ್ಪತ್ತು ತುಂಡು ಬಿಟ್ಟಿತು.
ಪ್ರತಿಯೊಂದಕ್ಕೂ ಉದ್ದ, ಅಗಲ, ದಪ್ಪ.
ಹೆಸರು ಮಾತ್ರ ಜೈಲಿನವರಿಗೆ ಕೊಡುವಂಥದ್ದು:
ಭಾಗ ೧, ಭಾಗ ೨, ಭಾಗ ೩.

ಶೆಟ್ಟರಿಗೆ ಫೋನು ಹಚ್ಚಿದೆ.
"ಬರ್ಕೊಳವ್ವ. ಅಳಲೆಕಾಯಿ, ತಾರೆಕಾಯಿ, ಹಿಪ್ಪಲಿ, ಬಜೆ,
ಅದರ ಪಕ್ಕ ಲಾವಂಚ, ಕೆಳಗೆ ಮಾಕಳಿ ಬೇರು,
ಅದರ ಕೆಳಗೆ... ತಾಳು, ಕೈ ಆಡಿಸಿ ನೋಡ್ತೀನಿ."
ಹಳೆಯ ಬೀರು ಆಗಲೇ ಯಾರದೋ ಮನೆಯ ಸೌದೆ.
ಆದರೂ ತಾಳಿದೆ.
"ಹಾಂ, ಕಾಡುಜೀರಿಗೆ" ಅಂದರು.

ಗರಗಸ ಎಷ್ಟು ತಿನ್ನುತ್ತದೆ?
ಆ್ಯಡ್-ಇನ್ನು ಕೇಳಿತೆಂದು ವಾಜಿದ್ ಸಾಬರನ್ನು ನಾನು ಕೇಳಿದೆ.
"ಒಂದು ನೂಲು. ಅದರ ಪಾಲು ಅದಕ್ಕೆ ಕೊಡು ಬೇಟಿ,
ಕೊಡ್ದಿದ್ರೆ ನಿನ್ ಪಾಲಿಂದ ತಗೊಳ್ತದೆ."
ಚೌಕದಲ್ಲಿ ಮೂರು ಪಾಯಿಂಟ್ ಎರಡು ಅಂತ ಮೊದಲೇ ಇತ್ತು.
ಇಂಚಿನ ಎಂಟರಲ್ಲೊಂದು ಪಾಲನ್ನು
ಮಿಲಿಮೀಟರಿಗೆ ತಿರುಗಿಸಿದರೆ, ಹೆಚ್ಚುಕಮ್ಮಿ ಅದೇ.
ಇದನ್ನು ಬರೆದವರು ಯಾವ ಸೀಮೆಯವರೋ,
ಅವರೂ ಒಮ್ಮೆ ಪಾಲು ಕೊಡದೆ
ಒಳ್ಳೆಯ ಹಲಗೆಯೊಂದನ್ನು ಹಾಳು ಮಾಡಿಕೊಂಡಿರಬೇಕು.

ನನ್ನ ತಪ್ಪೂ ಒಂದಿದೆ.
ನಾರಿನ ದಿಕ್ಕಿನ ಚೌಕಕ್ಕೆ ಗುರುತು ಹಾಕದೆ
ಹದಿನೇಳೇ ಹಲಗೆ ಸಾಕೆಂದು ಬೀಗಿದ್ದೆ.
ಸಾಬರು ಪಟ್ಟಿ ಓದಲಿಲ್ಲ, ಚಿತ್ರ ನೋಡಿದರು.
"ಅರ್ಧ ಜನ ಮಲ್ಗವ್ರೆ, ಅರ್ಧ ಜನ ನಿಂತವ್ರೆ,
ಇದೇನು ಬಸ್ ಸ್ಟ್ಯಾಂಡಾ?"
ಗುರುತು ಹಾಕಿದೆ. ಹತ್ತೊಂಬತ್ತಾಯಿತು.
ಶೆಟ್ಟರಿಗೆ ಹೇಳುವ ಕೆಲಸ ನನ್ನ ಮೇಲೇ ಬಿತ್ತು.

ತೂಗುಗುಂಡು ಇಳಿಬಿಟ್ಟು ನೋಡಿದರೆ
ಅಂಗಡಿಯ ಬಲಗೋಡೆ ಮೇಲೆ ಹೋಗುತ್ತ ಹೋಗುತ್ತ
ಮೂರು ನೂಲು ಒಳಕ್ಕೆ ಬಗ್ಗಿದೆ,
ಪಿಸುಮಾತು ಕೇಳಲು ಬಗ್ಗಿದವರ ಹಾಗೆ.
ನನ್ನ ಪರದೆಯಲ್ಲಿ ಗೋಡೆಯೇ ಇರಲಿಲ್ಲ!
ಹೊಸ ಅಳತೆಯೊಂದನ್ನು ಸೇರಿಸಿ ಹೆಸರಿಟ್ಟೆ: ಸೊಟ್ಟ.
ಕೊನೆಯ ಕಂಬಸಾಲಿನ ಏಳು ಖಾನೆ
ಅರ್ಧರ್ಧ ನೂಲು ಬಡವಾಗುತ್ತ ಮೇಲೇರಿದವು,
ಪಟ್ಟಿಯೂ ಮುನಿಸಿಲ್ಲದೆ ತನ್ನನ್ನು ತಿದ್ದಿಕೊಂಡಿತು.
ತುತ್ತತುದಿಯದು ಕೇಸರಿಗೆ.
ಅದಕ್ಕೆ ಅಷ್ಟು ಜಾಗ ಸಾಕು.

ಮೂರು ದಿನ ಕೊಯ್ದ ಮೇಲೆ ಸುಮ್ಮನೆ ಲೆಕ್ಕ ಹಾಕಿದೆ:
ತುಂಡಿಗೆ ಒಂದೇ ಕೊಯ್ತ ಅಂದರೂ
ನಾನೂರಿಪ್ಪತ್ತು ನೂಲು,
ನಾಲ್ಕಡಿ ನಾಲ್ಕೂವರೆ ಇಂಚು.
ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತರೆ
ನನ್ನ ಮಗಳು ಈಗ ಅಷ್ಟೇ ಇದ್ದಾಳೆ.
ಅಷ್ಟೆತ್ತರದ ಹಲಸು ಯಾವ ಖಾನೆಗೂ ಸೇರದೆ
ಎರಡು ಗೋಣಿಚೀಲವಾಗಿ ಬಾಗಿಲಲ್ಲಿ ಕೂತಿತ್ತು.

ಎದುರಿನ ಟೀ ಅಂಗಡಿಯವರದು ಹೊಟ್ಟಿನ ಒಲೆ.
ಹುಡುಗ ಬಂದು ಚೀಲ ಹೊತ್ತುಕೊಂಡು ಹೋದ,
ಬದಲಿಗೆ ಎರಡು ಲೋಟ ಇಟ್ಟ.
ಸಾಬರು ಒಂದು ಗುಟುಕು ಕುಡಿದು
"ಏಲಕ್ಕಿ ಹಾಕಿಲ್ಲ" ಅಂದರು.
ಪಟ್ಟಿ ನೋಡಿದೆ.
ಏಲಕ್ಕಿ: ಮೂರನೆಯ ಸಾಲು, ಐದನೆಯ ಖಾನೆ.
ಸರೇಸು ಇನ್ನೂ ಒಣಗಿರಲಿಲ್ಲ.